ಒಂದು ಸಲಕ್ಕೆ ಒಂದೇ ಬದಲಾವಣೆ

ಮಕ್ಕಳೇ, ರಟ್ಟಿನ ಡಬ್ಬಿಯಲ್ಲಿ ಕ್ಯಾಮೆರಾ ಮಾಡುತ್ತೇವೆ, ಬೆಂಕಿಕಡ್ಡಿಗಳನ್ನು ಕುಣಿಸಿ ಸಿನಿಮಾ ತೆಗೆಯುತ್ತೇವೆ ಎಂದು ಹೊರಟಿದ್ದೀರಿ. ಸಂತೋಷ. ಕೈಯಲ್ಲಿ ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎನ್ನುವವರು ಮನೆಯಲ್ಲೇ ಇರುತ್ತಾರೆ. ಮೊಬೈಲ್ ಚಿತ್ರ ಕೊಡುತ್ತದೆ, ಅದು ಹೇಗೆ ಮೂಡಿತೆಂದು ಹೇಳುವುದಿಲ್ಲ. ಡಬ್ಬಿ ಹೇಳುತ್ತದೆ.

ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಹೋದವರು ಒಳಗಿನ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುವುದನ್ನು ಕಂಡಿರುತ್ತೀರಿ. ಅಲ್ಲಿ ಮಸೂರವಿಲ್ಲ, ಇರುವುದು ಒಂದು ಸಣ್ಣ ಕಿಂಡಿ, ಮತ್ತೆ ಕತ್ತಲೆ. ಬೆಳಕು ನೇರವಾಗಿ ಸಾಗುವುದರಿಂದ ಗೋಪುರದ ತುದಿಯ ಬೆಳಕು ಕೆಳಗೆ, ಬುಡದ್ದು ಮೇಲೆ ಬೀಳುತ್ತದೆ. ನಿಮ್ಮ ಡಬ್ಬಿಯೊಳಗೆ ನಡೆಯುವುದೂ ಇದೇ.

ಡಬ್ಬಿಯ ಒಳಗೆಲ್ಲ ಕಪ್ಪು ಬಳಿಯಿರಿ. ಒಂದು ಬದಿಗೆ ತೆಳು ತಗಡು, ಎದುರು ಬದಿಗೆ ಬೆಣ್ಣೆಕಾಗದದ ಪರದೆ. ತಗಡಿಗೆ ಹೊಲಿಗೆ ಸೂಜಿಯ ಮೊನೆಯಷ್ಟೇ ಚುಚ್ಚಿ, ಎದ್ದ ಅಂಚನ್ನು ನುಣ್ಣನೆಯ ಉಪ್ಪುಕಾಗದದಲ್ಲಿ ಉಜ್ಜಿ. ತೂತಿನಿಂದ ಪರದೆಗೆ 10 ಸೆಂಟಿಮೀಟರ್ ದೂರವಿದ್ದರೆ ತೂತು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಇರಲಿ. ದೊಡ್ಡದಾದರೆ ಬೆಳಕು ಹೆಚ್ಚುತ್ತದೆ, ಚಿತ್ರ ಮಸುಕಾಗುತ್ತದೆ. ತೀರಾ ಚಿಕ್ಕದಾದರೂ ಮಸುಕೇ, ಏಕೆಂದರೆ ಕಿರಿದಾದ ತೂತಿನಲ್ಲಿ ತೂರಿದ ಬೆಳಕು ಚದುರುತ್ತದೆ. ನಂಬಬೇಡಿ, ಮಾಡಿ ನೋಡಿ. ಆದರೆ ತೂತು ಬದಲಿಸಿದ ದಿನ ಡಬ್ಬಿ ಬದಲಿಸಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಫಲ ಯಾವುದರದೆಂದು ತಿಳಿಯದು. ಪ್ರತಿ ಸಲವೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇನ್ನೊಂದು ಮಾತು: ಡಬ್ಬಿಯ ತೂತಿನಿಂದಲೂ ಸೂರ್ಯನನ್ನು ನೇರವಾಗಿ ನೋಡಬಾರದು.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮ ಚಲಿಸುವ ಚಿತ್ರಕ್ಕೂ ಸಲ್ಲುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ನಿಮಗೆ 12 ಸಾಕು. ಹತ್ತು ಸೆಕೆಂಡಿಗೆ 120 ಚಿತ್ರ. ಇಲ್ಲಿ ಮೊಬೈಲನ್ನೇ ಬಳಸಿ, ಆದರೆ ಅದು ಅಲುಗಾಡದಂತೆ ಕಟ್ಟಿಡಿ. ಕಿಟಕಿ ಮುಚ್ಚಿ, ಒಂದೇ ಬಲ್ಬಿನ ಬೆಳಕಿನಲ್ಲಿ ತೆಗೆಯಿರಿ. ಬಿಸಿಲು ಸರಿದಂತೆ ಬೆಳಕು ಬದಲಾಗಿ ಚಿತ್ರ ಮಿಣುಕುತ್ತದೆ. ಪ್ರತಿ ಚಿತ್ರಕ್ಕೂ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ ಕೈ ತೆಗೆಯಿರಿ. ಹೊರಡುವಾಗ ಮತ್ತು ನಿಲ್ಲುವಾಗ ಸರಿಸುವ ದೂರ ಕಡಿಮೆ, ನಡುವೆ ಹೆಚ್ಚು. ಆಗ ಕಡ್ಡಿಗೂ ತೂಕ ಬಂದಂತೆ ಕಾಣುತ್ತದೆ.

ಬೇಸರ ಬಂದಾಗ ಚಿತ್ರನಿರ್ಮಾಪಕ ದಾದಾಸಾಹೇಬ ಫಾಲ್ಕೆಯವರನ್ನು ನೆನೆಯಿರಿ. ಸಿನಿಮಾಕ್ಕೆ ಹಣ ಹಾಕುವವರನ್ನು ಒಪ್ಪಿಸಲು ಅವರು 1912ರಲ್ಲಿ ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಮೊಳೆತು ಗಿಡವಾಗುವುದನ್ನು ದಿನ ದಿನವೂ ಕಾದು ಚೌಕಟ್ಟು ಚೌಕಟ್ಟಾಗಿ ಸೆರೆಹಿಡಿದರು. ಮರುವರ್ಷ ಅವರ ಸಿನಿಮಾ ‘ರಾಜಾ ಹರಿಶ್ಚಂದ್ರ’ ತೆರೆಗೆ ಬಂತು. ಬೆಂಕಿಕಡ್ಡಿಗಳನ್ನು ಕುಣಿಸಿದ ಕಿರುಚಿತ್ರವನ್ನೂ ಅವರೇ ಮಾಡಿದರು. ನೀವು ಹಿಡಿದಿರುವ ಆಟ ಚಿಕ್ಕದೇನಲ್ಲ.

ಕತೆ ದೊಡ್ಡದಿರಲಿ ಎಂಬ ಆಸೆ ಸಹಜ. ಸದ್ಯಕ್ಕೆ ಅದನ್ನು ಬದಿಗಿಡಿ. ಒಂದು ಅವರೆಕಾಳು ತಟ್ಟೆಯಿಂದ ಇಳಿದು ಓಡಿಹೋಗುವುದು ಕತೆಯಲ್ಲವೇ? ಅಷ್ಟನ್ನು ತೆಗೆದು ಮುಗಿಸಿ, ಮನೆಯವರಿಗೆ ತೋರಿಸಿ, ಎಲ್ಲಿ ಎಡವಿತೆಂದು ಕೇಳಿ, ಮತ್ತೆ ತೆಗೆಯಿರಿ. ಅರ್ಧಕ್ಕೆ ನಿಂತ ದೊಡ್ಡ ಸಿನಿಮಾಕ್ಕಿಂತ ಮುಗಿದ ಹತ್ತು ಸೆಕೆಂಡಿನ ಚಿತ್ರ ನಿಮಗೆ ಹೆಚ್ಚು ಕಲಿಸುತ್ತದೆ.