ಹಳೇ ಸೇತುವೆ ಹೋಯಿತು, ಹೊಸದಕ್ಕೆ ಯಾವ ನಮೂನೆ?

ಹೊಸ ಸೇತುವೆ ಎಂದೊಡನೆ ಜನ ಕೇಳುವುದು ಚಂದದ ಮಾತು: ಕಮಾನೋ, ಕೇಬಲ್ಲೋ? ಅದು ಕೊನೆಗೆ ಬರಬೇಕಾದ ಪ್ರಶ್ನೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸೆಲ್‌ವುಡ್ ಸೇತುವೆಯನ್ನೇ ಎದುರಿಗಿಟ್ಟುಕೊಳ್ಳೋಣ. ವಿಲ್ಯಾಮೆಟ್ ನದಿಗೆ 1925ರಲ್ಲಿ ಕಟ್ಟಿದ್ದು. 2016ರಲ್ಲಿ ಅದರ ಜಾಗಕ್ಕೆ ಹೊಸದು ಬಂತು.

ಹಂತ 1: ಹಳೆಯದು ಎಲ್ಲಿ ಸೋತಿತು, ಬರೆದಿಡಿ.
ಹಳೇ ಸೆಲ್‌ವುಡ್‌ನಲ್ಲಿ ಇದ್ದದ್ದು ಎರಡೇ ಲೇನು. ನಡೆಯುವವರಿಗೆ ಒಂದೇ ಬದಿಗೆ ಸುಮಾರು 4 ಅಡಿಯ ದಾರಿ; ಎದುರಿಗೆ ಸೈಕಲ್ಲು ಬಂದರೆ ಒಬ್ಬರು ಕಟಕಟೆಗೆ ಒತ್ತಿಕೊಂಡು ನಿಲ್ಲಬೇಕಿತ್ತು. 2004ರಲ್ಲಿ 10 ಟನ್ನಿನ ಮಿತಿ ಹೇರಿದ ಮೇಲೆ ಸಿಟಿ ಬಸ್ಸುಗಳೂ ಸುತ್ತುದಾರಿ ಹಿಡಿದವು. ತಪಾಸಣೆಯಲ್ಲಿ ಸಿಕ್ಕಿದ್ದು 100ಕ್ಕೆ 2 ಅಂಕ. ಹೊಸದರ ಅಗಲ, ಹೊರಬೇಕಾದ ಭಾರ ಎರಡೂ ಈ ದೂರುಗಳಿಂದಲೇ ಗೊತ್ತಾಗುತ್ತವೆ.

ಹಂತ 2: ದಂಡೆಯ ನೆಲ ನೋಡಿ.
ಗರ್ಡರ್, ಅಂದರೆ ಕಂಬಗಳ ಮೇಲೆ ಮಲಗಿಸಿದ ತೊಲೆ, ಹೆಚ್ಚಾಗಿ ಕೆಳಕ್ಕೆ ಭಾರ ಹಾಕುತ್ತದೆ. ಕಮಾನು ಹಾಗಲ್ಲ, ತನ್ನ ಎರಡೂ ಕಾಲುಗಳನ್ನು ಹೊರಕ್ಕೆ ಒದೆಯುತ್ತದೆ. ಒದೆತ ತಡೆಯುವಂಥ ಗಟ್ಟಿ ಬುನಾದಿ ಸಿಗದಿದ್ದರೆ, ಬಿಲ್ಲಿಗೆ ಹೆದೆ ಕಟ್ಟಿದಂತೆ ಕಾಲಿನಿಂದ ಕಾಲಿಗೆ ಉಕ್ಕಿನ ಬಿಗಿ ಕೊಡಬೇಕು. ಸೆಲ್‌ವುಡ್‌ನ ಪಶ್ಚಿಮ ದಂಡೆಯಲ್ಲಿ ಗುಡ್ಡವೇ ನದಿಯ ಕಡೆಗೆ ನಿಧಾನಕ್ಕೆ ಜಾರುತ್ತಿತ್ತು. ಅದನ್ನು ಹಿಡಿದು ನಿಲ್ಲಿಸುವುದೇ ಒಂದು ಪ್ರತ್ಯೇಕ ಕಾಮಗಾರಿಯಾಯಿತು.

ಹಂತ 3: ನೀರಿನಲ್ಲಿ ಎಷ್ಟು ಕಂಬ?
ಕಂಬ ಕಡಿಮೆಯಾದಷ್ಟೂ ದೋಣಿಗೂ ಮೀನಿಗೂ ಒಳ್ಳೆಯದು, ಆದರೆ ಕಂಬದಿಂದ ಕಂಬಕ್ಕೆ ದೂರ ಹೆಚ್ಚುತ್ತದೆ. 30–40 ಮೀಟರಿಗೆ ಸಾದಾ ಗರ್ಡರ್ ಸಾಕು. ನೂರು ದಾಟಿದರೆ ಪೆಟ್ಟಿಗೆಯಂತೆ ಒಳಗೆ ಟೊಳ್ಳಾದ ಬಾಕ್ಸ್ ಗರ್ಡರ್, ಇಲ್ಲವೇ ಕಮಾನು; ಇನ್ನೂ ದೂರವಾದರೆ ಕೇಬಲ್.

ಹಂತ 4: ಕಟ್ಟುವಷ್ಟು ದಿನ ಊರು ನದಿ ದಾಟುವುದು ಹೇಗೆ?
ಹೊಸಬರು ಮರೆಯುವುದು ಇದನ್ನೇ. ಹತ್ತಿರದಲ್ಲಿ ಬೇರೆ ಸೇತುವೆ ಇಲ್ಲದಿದ್ದರೆ ಅರ್ಧರ್ಧ ಅಗಲ ಕಟ್ಟಬಹುದಾದ ನಮೂನೆಯತ್ತ ಮನಸ್ಸು ವಾಲುತ್ತದೆ. ಪೋರ್ಟ್‌ಲ್ಯಾಂಡಿನವರು ಬೇರೆಯೇ ಉಪಾಯ ಹೂಡಿದರು. 2013ರ ಜನವರಿ 19ರಂದು, ಹಳೇ ಸೇತುವೆಯ 1,100 ಅಡಿ ಉದ್ದದ ಟ್ರಸ್ಸನ್ನು (ರಸ್ತೆ ಹೊರುವ ಉಕ್ಕಿನ ಹಂದರವನ್ನು) ಇಡಿಯಾಗಿ ಎತ್ತಿ, ಪಕ್ಕದ ತಾತ್ಕಾಲಿಕ ಕಂಬಗಳ ಮೇಲಕ್ಕೆ ಜಾರಿಸಿದರು. ಜಾರುವ ಜಾಗಕ್ಕೆ ಟೆಫ್ಲಾನ್ ಹಾಸು. ಅದರ ಮೇಲೆ ಸವರಿದ್ದು ಪಾತ್ರೆ ತೊಳೆಯುವ ಸೋಪು! ಸುಮಾರು 14 ತಾಸಿನ ಕೆಲಸ. ಆಮೇಲೆ ವಾಹನಗಳೆಲ್ಲ ಆ ಹಳೇ ಟ್ರಸ್ಸಿನ ಮೇಲೇ ಓಡಾಡಿದವು, ಅದರ ಹಳೇ ಜಾಗದಲ್ಲಿ ಹೊಸ ಸೇತುವೆ ಎದ್ದಿತು.

ಹಂತ 5: ಈಗ ಚಂದ ನೋಡಿ.
ಇಷ್ಟರಲ್ಲಿ ಎರಡು ಮೂರು ನಮೂನೆಗಳಷ್ಟೇ ಉಳಿದಿರುತ್ತವೆ. ಪ್ರತಿಯೊಂದನ್ನೂ ಎರಡು ಕಡೆಯಿಂದ ಬಿಡಿಸಿ: ಮೇಲೆ ನಡೆಯುವವರಿಗೆ ಕಾಣುವಂತೆ ಒಂದು, ದಡದಲ್ಲಿ ಕೂತವರಿಗೆ ಕಾಣುವಂತೆ ಒಂದು. ಸೆಲ್‌ವುಡ್‌ಗೆ ಆರಿಸಿದ್ದು ರಸ್ತೆಯ ಕೆಳಗೆ ಉಕ್ಕಿನ ಕಮಾನು. ಮೇಲಿನ 12 ಅಡಿಯ ಕಾಲುದಾರಿಯಲ್ಲಿ ನಡೆಯುವಾಗ ಕಮಾನು ಕಾಣುವುದೇ ಇಲ್ಲ, ಕಣ್ಣಿಗೆ ಬರೀ ನದಿ. ದೋಣಿಯಲ್ಲಿ ಹೋದರೆ ಮೂರು ಕಮಾನುಗಳೂ ಸಾಲಾಗಿ ಕಾಣುತ್ತವೆ.