ಸ್ತನದ ಗಂಟು ಮತ್ತು ಕಂಕುಳಿನ ಸೋನೋಗ್ರಫಿ



ಕಳೆದ ತಿಂಗಳು ರಬಕವಿಯಿಂದ ತಾಯಿಯೊಬ್ಬರು ಮಗನೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ವಯಸ್ಸು ಐವತ್ತರ ಆಸುಪಾಸು. ಮನೆಯಲ್ಲಿ ಮಗ್ಗವಿದೆ, ಕಂಡಿಕೆ ಸುತ್ತುವುದು ಅವರ ಕಾಯಕ. ಬಲಸ್ತನದಲ್ಲಿ ಸಣ್ಣ ಗಂಟು ಕಾಣಿಸಿಕೊಂಡು, ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಖಚಿತವಾಗಿತ್ತು. ಶಸ್ತ್ರಚಿಕಿತ್ಸೆಗೆ ಮುನ್ನ ಕಂಕುಳಿನ ಸೋನೋಗ್ರಫಿ ಮಾಡಿಸಿಕೊಂಡು ಬರಬೇಕೆಂದು ಶಸ್ತ್ರವೈದ್ಯರು ಚೀಟಿ ಬರೆದುಕೊಟ್ಟಿದ್ದರು. "ಗಂಟು ಎದಿಯಾಗ ಐತ್ರಿ ಡಾಕ್ಟರ್ರ, ಕಂಕಳಾಗ ಏನ್ ನೋಡ್ತಾರ್ರಿ? ಸುಮ್ಮ ರೊಕ್ಕ ಖರ್ಚ್ ಮಾಡಸ್ತಾರೇನ್ರಿ?" ಎಂದು ಆ ತಾಯಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅವರಿಗೆ ಅಂದು ಹೇಳಿದ ಉತ್ತರವನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇವೆ.

ದೇಹದಲ್ಲಿ ರಕ್ತನಾಳಗಳ ಜೊತೆಜೊತೆಗೆ ಇನ್ನೊಂದು ಸೂಕ್ಷ್ಮ ನಾಳಜಾಲವಿದೆ. ಜೀವಕೋಶಗಳ ನಡುವೆ ಉಳಿದ ದ್ರವವನ್ನು ಬಸಿದುಕೊಂಡು ಮರಳಿ ರಕ್ತಕ್ಕೆ ಸೇರಿಸುವುದು ಅದರ ಕೆಲಸ. ಆ ದ್ರವವನ್ನು ದುಗ್ಧರಸ ಎನ್ನುತ್ತೇವೆ. ನಮ್ಮ ಜಮಖಂಡಿ, ಮುಧೋಳ ಭಾಗದ ರೈತರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಕಬ್ಬಿಗೆ ನೀರು ಹಾಯಿಸಿದರಷ್ಟೇ ಸಾಲದು, ಮಿಕ್ಕ ನೀರು ಬಸಿಗಾಲುವೆ ಹಿಡಿದು ಹೊರಗೆ ಹೋಗಬೇಕು. ಹೋಗದಿದ್ದರೆ ಎರೆಭೂಮಿ ಸವಳು-ಜವಳಾಗುತ್ತದೆ. ದೇಹದ ಬಸಿಗಾಲುವೆಗಳ ದಾರಿಯಲ್ಲಿ ಅಲ್ಲಲ್ಲಿ ಅವರೆಕಾಳಿನ ಆಕಾರದ ಗ್ರಂಥಿಗಳಿವೆ. ಇವು ಸೋಸುವ ಜಾಲರಿಯೂ ಹೌದು, ಕಾವಲು ಠಾಣೆಯೂ ಹೌದು. ಒಂದೊಂದು ಕಂಕುಳಿನಲ್ಲಿ ಸಾಮಾನ್ಯವಾಗಿ 20ರಿಂದ 30 ಗ್ರಂಥಿಗಳಿರುತ್ತವೆ. ಸ್ತನದ ದುಗ್ಧರಸದ ಮುಕ್ಕಾಲು ಪಾಲಿಗಿಂತ ಹೆಚ್ಚು ಹರಿದು ಬರುವುದು ಇಲ್ಲಿಗೇ. ಆದ್ದರಿಂದ ಸ್ತನದಿಂದ ಹೊರಟ ಕ್ಯಾನ್ಸರ್ ಕೋಶಗಳು ಬಹುಮಟ್ಟಿಗೆ ಮೊದಲು ಸಿಕ್ಕಿಬೀಳುವ ಸ್ಥಳವೂ ಇದೇ. ತೋಳಿನ ದುಗ್ಧರಸಕ್ಕೂ ಇವೇ ಗ್ರಂಥಿಗಳೇ ದಾರಿ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಸುಶ್ರುತ ಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚೀ, ಅರ್ಬುದ, ಗಲಗಂಡ ಎಂಬ ನಾಲ್ಕನ್ನೂ ಒಟ್ಟಿಗೇ ವಿವರಿಸಲಾಗಿದೆ. ಅಪಚೀ ಕಾಣಿಸಿಕೊಳ್ಳುವ ಸ್ಥಾನಗಳಲ್ಲಿ ಕಕ್ಷೆ, ಅಂದರೆ ಕಂಕುಳು, ಹೆಸರಿಸಲ್ಪಟ್ಟಿದೆ. ಚಿಕಿತ್ಸಾಸ್ಥಾನದ 18ನೆಯ ಅಧ್ಯಾಯದಲ್ಲಿ ಅರ್ಬುದದ ಶೇಷ ಉಳಿದರೆ ಅದು ಬೇಗನೆ ಮತ್ತೆ ಬೆಳೆಯುತ್ತದೆಂಬ ಎಚ್ಚರಿಕೆಯಿದೆ. ಪ್ರಾಚೀನರಿಗೆ ಎಲ್ಲವೂ ಗೊತ್ತಿತ್ತೆಂದು ಸಾಧಿಸಹೊರಡುವುದು ನಮ್ಮ ಅಭ್ಯಾಸವಲ್ಲ. ಅವರ ಬಳಿ ಇದ್ದುದು ಕಣ್ಣು ಮತ್ತು ಬೆರಳು. ಬೆರಳಿಗೆ ನಿಲುಕದ ಗ್ರಂಥಿಯನ್ನು ನೋಡುವ ಉಪಾಯ ಅವರಿಗಿರಲಿಲ್ಲ, ನಮಗಿದೆ. ಇದ್ದೂ ಬಳಸದಿದ್ದರೆ ತಪ್ಪು ನಮ್ಮದು.

ಅಂಥ ತಪ್ಪನ್ನು ನಾವೇ ಮಾಡಿದ್ದುಂಟು. ವೃತ್ತಿ ಆರಂಭಿಸಿ ನಾಲ್ಕೈದು ವರ್ಷಗಳಾಗಿದ್ದವು. ಬೀಳಗಿ ಕಡೆಯ ರೈತ ಮಹಿಳೆಯೊಬ್ಬರು ಕಂಕುಳಿನ ಗಂಟು ತೋರಿಸಲು ಬಂದರು. ಕೈಮೇಲೆ ಕಬ್ಬಿನ ರವದಿ ತರಚಿದ ಗಾಯಗಳಿದ್ದವು. ಗಾಯದ ನಂಜಿಗೆ ಗ್ರಂಥಿ ಬಾತಿದೆಯೆಂದು ತಿಳಿದು ಕಾಂಚನಾರ ಗುಗ್ಗುಲು ಕೊಟ್ಟೆವು, ಮೇಲೊಂದು ಲೇಪ ಹೇಳಿದೆವು. ಸ್ತನ ಪರೀಕ್ಷೆ ಮಾಡಲಿಲ್ಲ. ಆಕೆಗೂ ಸಂಕೋಚ, ನಮಗೂ ಸಂಕೋಚ. ಎರಡು ತಿಂಗಳು ಕಳೆದರೂ ಗಂಟು ಇಳಿಯಲಿಲ್ಲ. ಮಿರಜಿಗೆ ಕಳಿಸಿದಾಗ ಸ್ತನದಲ್ಲಿ ಮೊದಲೇ ಗಂಟು ಇದ್ದುದು ತಿಳಿಯಿತು. "ನೋವಿರಲಿಲ್ರಿ, ಅದಕ್ಕ ಹೇಳಲಿಲ್ರಿ" ಎಂದು ಆಕೆ ಆಮೇಲೆ ಹೇಳಿದರು. ಮುಂದೆ ಎರಡು ವರ್ಷ ಬದುಕಿದ್ದರು. ಆ ಎರಡು ತಿಂಗಳು ಕಳೆಯದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯಾರೂ ಹೇಳಲಾರರು. ಆದರೆ ಅಂದಿನಿಂದ ಕಂಕುಳಿನ ಗಂಟಿಗೆ ಸ್ತನ ಪರೀಕ್ಷೆಯಿಲ್ಲದೆ ನಾವು ಔಷಧಿ ಬರೆದಿಲ್ಲ. ಶುಶ್ರೂಷಕಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪರೀಕ್ಷಿಸುತ್ತೇವೆ. ಒಪ್ಪದವರನ್ನು ಮಹಿಳಾ ವೈದ್ಯರಲ್ಲಿಗೆ ಕಳಿಸುತ್ತೇವೆ.

ಇನ್ನು ಶಸ್ತ್ರಚಿಕಿತ್ಸೆಯ ಮಾತು. ಜಮಖಂಡಿಯೂ ಮಿರಜವೂ ಪಟವರ್ಧನರ ಸಂಸ್ಥಾನಗಳಾಗಿದ್ದ ಕಾಲದಿಂದಲೂ ಈ ಭಾಗದ ಜನ ದೊಡ್ಡ ಕಾಯಿಲೆಗೆ ಮಿರಜಿನ ದಾರಿ ಹಿಡಿದವರು. ಡಾ. ವಾನ್ಲೆಸ್ ಅಲ್ಲಿ ಮಿಶನ್ ಆಸ್ಪತ್ರೆ ಆರಂಭಿಸಿದ್ದು 1894ರಲ್ಲಿ. ಅದೇ ವರ್ಷ ಅಮೆರಿಕದ ಬಾಲ್ಟಿಮೋರ್ ನಗರದ ಶಸ್ತ್ರವೈದ್ಯ ಹಾಲ್‌ಸ್ಟೆಡ್ ತಮ್ಮ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಫಲಿತಾಂಶಗಳನ್ನು ಪ್ರಕಟಿಸಿದರು. ಸ್ತನ, ಅದರ ಕೆಳಗಿನ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುವ ಪದ್ಧತಿ ಅದು. ಸ್ನಾಯುವನ್ನು ಉಳಿಸುವ ಕ್ರಮ ಮುಂದೆ ಬಂದರೂ ಕಂಕುಳನ್ನು ಬರಿದು ಮಾಡುವ ರೂಢಿ ಸುಮಾರು ನೂರು ವರ್ಷ ನಡೆಯಿತು. ಅದರ ಬೆಲೆ ತೆತ್ತದ್ದು ತೋಳು. ಗ್ರಂಥಿಗಳನ್ನೆಲ್ಲ ತೆಗೆದರೆ ತೋಳಿನ ಬಸಿಗಾಲುವೆ ಮುಚ್ಚಿದಂತೆ. 100ರಲ್ಲಿ ಸುಮಾರು 20 ಮಹಿಳೆಯರಿಗೆ ತೋಳು ಬಾತು ಭಾರವಾಗುತ್ತದೆ, ಕೆಲವರಿಗೆ ಜೀವನಪರ್ಯಂತ. ಬಲಗೈ ಬಾತರೆ ಕಂಡಿಕೆ ಸುತ್ತುವುದು, ರೊಟ್ಟಿ ಬಡಿಯುವುದು ಕಷ್ಟವಾಗುತ್ತದೆ. ಎಡಗೈ ಬಾತ ತಾಯಿಯೊಬ್ಬರು, ಪೂಜೆಯ ಹೊತ್ತಿನಲ್ಲಿ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ಬಹಳ ಹೊತ್ತು ಕೂರಲಾಗುವುದಿಲ್ಲವೆಂದು ನಮ್ಮೆದುರು ಕಣ್ಣೀರಿಟ್ಟಿದ್ದರು.

1994ರಲ್ಲಿ ಅಮೆರಿಕದ ಜೂಲಿಯಾನೋ ಮತ್ತು ಸಂಗಡಿಗರು ಸ್ತನ ಕ್ಯಾನ್ಸರಿನಲ್ಲಿ ಬೇರೊಂದು ಮಾರ್ಗ ತೋರಿಸಿದರು. ಸ್ತನಕ್ಕೆ ನೀಲಿ ಬಣ್ಣದ ದ್ರವ ಚುಚ್ಚಿದರೆ ಅದು ದುಗ್ಧನಾಳ ಹಿಡಿದು ಮೊದಲು ತಲುಪುವ ಗ್ರಂಥಿ ಯಾವುದೆಂದು ಕಾಣುತ್ತದೆ. ಅದೇ ಕಾವಲು ಗ್ರಂಥಿ. ಅಂಥ ಒಂದೆರಡನ್ನು ಮಾತ್ರ ತೆಗೆದು ಪರೀಕ್ಷಿಸಿ, ರೋಗವಿಲ್ಲದಿದ್ದರೆ ಉಳಿದವನ್ನು ಬಿಟ್ಟುಬಿಡಬಹುದು. ಈ ಕ್ರಮದಲ್ಲಿ ತೋಳು ಬಾಯುವುದು 100ರಲ್ಲಿ ಐದಾರು ಮಂದಿಗೆ ಮಾತ್ರ. ಯಾರಿಗೆ ಈ ಸಣ್ಣ ಶಸ್ತ್ರಚಿಕಿತ್ಸೆ ಸಾಕು, ಯಾರಿಗೆ ಮೊದಲು ಔಷಧೋಪಚಾರ ಬೇಕು ಎಂಬುದನ್ನು ತಿಳಿಯಲು ಶಸ್ತ್ರವೈದ್ಯರು ಮೊದಲು ನೋಡುವುದು ಕಂಕುಳಿನ ಸೋನೋಗ್ರಫಿಯನ್ನು. ರಬಕವಿಯ ತಾಯಿಯ ಪ್ರಶ್ನೆಗೆ ಉತ್ತರ ಇದೇ.

ಸೋನೋಗ್ರಫಿಯಲ್ಲಿ ಕ್ಷ-ಕಿರಣವಿಲ್ಲ, ಇರುವುದು ಕಿವಿಗೆ ಕೇಳದ ಧ್ವನಿ. ಸ್ತನ ಮತ್ತು ಕಂಕುಳಿಗೆ ಬಳಸುವ ಉಪಕರಣ ಸೆಕೆಂಡಿಗೆ 1 ಕೋಟಿಗೂ ಹೆಚ್ಚು ಕಂಪನಗಳ ಧ್ವನಿಯನ್ನು ಕಳಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಚಿತ್ರ ರಚಿಸುತ್ತದೆ. ಕಂಪನ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮ, ಆದರೆ ಆಳ ಕಡಿಮೆ. ಚರ್ಮದ ಸಮೀಪವೇ ಇರುವ ಕಂಕುಳಿನ ಗ್ರಂಥಿಗಳಿಗೆ ಇದು ಅನುಕೂಲ.

ಆರೋಗ್ಯವಂತ ಗ್ರಂಥಿ ತೆರೆಯ ಮೇಲೆ ಉದ್ದುದ್ದ ಅವರೆಕಾಳಿನಂತೆ ಕಾಣುತ್ತದೆ. ಹೊರಗಿನ ತೊಗಟೆ ಕಪ್ಪು, ತೆಳು, ಎಲ್ಲ ಕಡೆ ಒಂದೇ ಸಮ. ನಡುವಿನ ಕೊಬ್ಬಿನ ಭಾಗ ಬಿಳಿ; ರಕ್ತನಾಳಗಳು ಅಲ್ಲಿಂದ ಒಳಹೊಕ್ಕು ಕವಲೊಡೆಯುತ್ತವೆ. ಕ್ಯಾನ್ಸರ್ ಕೋಶಗಳು ಬಂದು ನೆಲೆಸುವುದು ಮೊದಲು ತೊಗಟೆಯಲ್ಲಿ. ಆದ್ದರಿಂದ ಪರಿಣತ ವೈದ್ಯರ ಕಣ್ಣು ಗ್ರಂಥಿಯ ಉದ್ದಕ್ಕಿಂತ ತೊಗಟೆಯ ದಪ್ಪವನ್ನು ಅಳೆಯುತ್ತದೆ. 3 ಮಿಲಿಮೀಟರಿಗಿಂತ ಹೆಚ್ಚಿದರೆ ಸಂಶಯ. ತೊಗಟೆ ಒಂದೇ ಕಡೆ ಉಬ್ಬಿದ್ದರೆ ಸಂಶಯ ಇನ್ನೂ ಹೆಚ್ಚು. ನಡುವಿನ ಬಿಳುಪು ಅಳಿಸಿಹೋಗಿ ಗ್ರಂಥಿ ಚೆಂಡಿನಂತೆ ಗುಂಡಗಾಗಿದ್ದರೆ ಬಹಳ ಎಚ್ಚರ ವಹಿಸಬೇಕು. ರಿಪೋರ್ಟಿನಲ್ಲಿ "ಗ್ರಂಥಿ 2 ಸೆಂಟಿಮೀಟರ್" ಎಂದು ಓದಿ ಗಾಬರಿಯಾಗುವವರಿದ್ದಾರೆ. ಕೊಬ್ಬು ತುಂಬಿದ, ತೊಗಟೆ ತೆಳುವಾದ ಗ್ರಂಥಿ ಅಷ್ಟು ಉದ್ದವಿದ್ದರೂ ನಿರಪಾಯವಾಗಿರಬಹುದು. ಅದಕ್ಕಿಂತ ಚಿಕ್ಕದೊಂದು ಗುಂಡು ಗ್ರಂಥಿ ರೋಗಗ್ರಸ್ತವಾಗಿರಬಹುದು.

ಇದರ ಮೇಲೆ ಈಗ ಕೆಲವು ಹೊಸ ವಿಧಾನಗಳು ಸೇರಿಕೊಂಡಿವೆ. ಡಾಪ್ಲರ್ ವಿಧಾನದಲ್ಲಿ ರಕ್ತಸಂಚಾರ ಬಣ್ಣದಲ್ಲಿ ಕಾಣುತ್ತದೆ. ರಕ್ತ ನಡುವಿನಿಂದ ಹೋಗದೆ ಅಂಚಿನಿಂದ ಒಳನುಗ್ಗಿದ್ದರೆ ಅದು ಕ್ಯಾನ್ಸರಿನ ಒಂದು ಸುಳಿವು. ಎಲಾಸ್ಟೋಗ್ರಫಿ ಗ್ರಂಥಿಯ ಗಡಸುತನವನ್ನು ಅಳೆಯುತ್ತದೆ. ವೈದ್ಯರು ಬೆರಳಿನಿಂದ ಒತ್ತಿ ನೋಡುತ್ತಿದ್ದುದನ್ನೇ ಯಂತ್ರ ಒಳಗಿನ ಗ್ರಂಥಿಯವರೆಗೆ ಒಯ್ದಿದೆ ಎನ್ನಬಹುದು. ಇಲ್ಲಿ ಒಂದು ಮಾತು: ಗಡಸು ಭಾಗವನ್ನು ಒಂದು ಯಂತ್ರ ಕೆಂಪಾಗಿ ತೋರಿಸಿದರೆ ಇನ್ನೊಂದು ನೀಲಿಯಾಗಿ ತೋರಿಸುತ್ತದೆ. ಚಿತ್ರದಲ್ಲಿ ಕೆಂಪು ಕಂಡೊಡನೆ ಮನೆಮಂದಿ ಎದೆ ಒಡೆದುಕೊಳ್ಳಬೇಕಾಗಿಲ್ಲ. ಮೂರನೆಯದು ಸೂಕ್ಷ್ಮ ಗುಳ್ಳೆಗಳ ವಿಧಾನ. ಕೆಂಪು ರಕ್ತಕಣಕ್ಕಿಂತಲೂ ಚಿಕ್ಕದಾದ ಅನಿಲದ ಗುಳ್ಳೆಗಳನ್ನು ಸ್ತನದ ತೊಟ್ಟಿನ ಸುತ್ತಲಿನ ಚರ್ಮದೊಳಗೆ ಚುಚ್ಚಿದರೆ ಅವು ದುಗ್ಧನಾಳದಲ್ಲಿ ಹರಿದು ಕಾವಲು ಗ್ರಂಥಿಯನ್ನು ತಲುಪುತ್ತವೆ. ತೆರೆಯ ಮೇಲೆ ಆ ದಾರಿ ಬೆಳಗುತ್ತದೆ. ಇದು ದೊಡ್ಡ ಕೇಂದ್ರಗಳ ಮಾತು. ನಮ್ಮ ತಾಲೂಕಿನ ಮಟ್ಟಿಗೆ ಒಳ್ಳೆಯ ಸಾಧಾರಣ ಸೋನೋಗ್ರಫಿ, ಕಂಕುಳನ್ನು ಅವಸರವಿಲ್ಲದೆ ನೋಡುವ ವೈದ್ಯರು, ಇಷ್ಟು ದೊರೆತರೆ ಬಹಳ.

ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದು ಸಂಶಯವನ್ನು ಹೇಳುತ್ತದೆ, ತೀರ್ಪನ್ನಲ್ಲ. ಕೈಗಾಯ, ಉಗುರುಸುತ್ತು, ಕ್ಷಯ, ಇತ್ತೀಚೆಗೆ ತೋಳಿಗೆ ಹಾಕಿಸಿಕೊಂಡ ಲಸಿಕೆ, ಇವುಗಳಿಂದಲೂ ಗ್ರಂಥಿ ಬಾಯುತ್ತದೆ. ಕೋವಿಡ್ ಲಸಿಕೆಯ ದಿನಗಳಲ್ಲಿ ಇದು ಅನೇಕರನ್ನು ಗಾಬರಿಗೊಳಿಸಿತ್ತು. ಆದ್ದರಿಂದ ಸಂಶಯದ ಗ್ರಂಥಿಗೆ ಸೋನೋಗ್ರಫಿಯ ನೆರವಿನಿಂದಲೇ ಸೂಜಿ ಹಾಕಿ ಕೋಶಗಳನ್ನು ತೆಗೆದು ಪರೀಕ್ಷಿಸಬೇಕು. ಸೂಜಿ ಚುಚ್ಚಿದರೆ ರೋಗ ಕೆರಳಿ ಹರಡುತ್ತದೆ ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ವೈದ್ಯಲೋಕದ ದೀರ್ಘ ಅನುಭವ ಅದನ್ನು ಸಮರ್ಥಿಸುವುದಿಲ್ಲ. ಹಾನಿ ಆಗುವುದು ಪರೀಕ್ಷೆಯಿಲ್ಲದೆ ಅವಸರದಿಂದ ಗಂಟು ಕೊಯಿಸಿಕೊಂಡಾಗ, ಇಲ್ಲವೆ ಲೇಪ ಹಚ್ಚುತ್ತ ಕುಳಿತಾಗ. ಇತ್ತ, ಸೋನೋಗ್ರಫಿ ಶುದ್ಧವಾಗಿದ್ದರೂ 2 ಮಿಲಿಮೀಟರಿಗಿಂತ ಚಿಕ್ಕ ರೋಗಬೀಜ ಗ್ರಂಥಿಯಲ್ಲಿ ಅಡಗಿರಬಹುದು. ಅದಕ್ಕಾಗಿಯೇ ಕಾವಲು ಗ್ರಂಥಿಯ ಪರೀಕ್ಷೆ.

ಈಚಿನ ವರ್ಷಗಳಲ್ಲಿ ಅದಕ್ಕಿಂತಲೂ ಮುಂದೆ ಹೆಜ್ಜೆಯಿಟ್ಟಿದ್ದಾರೆ. ಗಂಟು 2 ಸೆಂಟಿಮೀಟರ್ ಮೀರದ, ಕಂಕುಳಿನ ಸೋನೋಗ್ರಫಿ ಶುದ್ಧವಾಗಿದ್ದ 1405 ಮಹಿಳೆಯರ ಅಧ್ಯಯನವನ್ನು ಇಟಲಿಯ ವೈದ್ಯರ ಮುಂದಾಳತ್ವದಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದರು. ಕಾವಲು ಗ್ರಂಥಿ ತೆಗೆದವರಲ್ಲಿ 5 ವರ್ಷಗಳ ತರುವಾಯ ದೂರದ ಅಂಗಗಳಿಗೆ ರೋಗ ಹರಡದೆ ಉಳಿದವರು 100ಕ್ಕೆ 97.7, ಕಂಕುಳನ್ನು ಮುಟ್ಟದೆ ಬಿಟ್ಟವರಲ್ಲಿ 98. ಅಂದರೆ ಮುಟ್ಟದೆ ಬಿಟ್ಟದ್ದರಿಂದ ನಷ್ಟವಾಗಲಿಲ್ಲ. 2024ರ ಕೊನೆಯಲ್ಲಿ ಪ್ರಕಟವಾದ ಜರ್ಮನಿ, ಆಸ್ಟ್ರಿಯಾಗಳ ದೊಡ್ಡ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ. ಇದನ್ನು ಓದಿ ಯಾರೂ ತಾವೇ ನಿರ್ಧಾರಕ್ಕೆ ಬರಬಾರದು. ಅದು ಆಯ್ದ ರೋಗಿಗಳ ಮಾತು; ಬಹುತೇಕರಿಗೆ ಸ್ತನ ಉಳಿಸುವ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಆಗಿತ್ತು. ಆದರೆ 2 ಸೆಂಟಿಮೀಟರ್ ಎಂಬ ಅಳತೆಯನ್ನು ಗಮನಿಸಿ. ಈಗಿನ ಚಿಕ್ಕ 1 ರೂಪಾಯಿ ನಾಣ್ಯದಷ್ಟು ಅಗಲ. ನಮ್ಮ ತಾಯಂದಿರು ಬರುವುದು ಗಂಟು ನಿಂಬೆಹಣ್ಣಿನಷ್ಟಾದ ಮೇಲೆ. ತೋಳನ್ನು ಉಳಿಸಬಲ್ಲ ಈ ಸೋನೋಗ್ರಫಿಯ ಪೂರ್ಣ ಪ್ರಯೋಜನ, ನೋವಿಲ್ಲದ ಸಣ್ಣ ಗಂಟನ್ನೇ ತೋರಿಸಲು ಬಂದವರಿಗೆ ಸಿಗುತ್ತದೆ.

ಬರದಿರುವುದಕ್ಕೆ ಒಂದು ವಿಚಿತ್ರ ಕಾರಣವನ್ನೂ ಕಂಡಿದ್ದೇವೆ. ಭ್ರೂಣಲಿಂಗ ಪತ್ತೆ ನಿಷೇಧದ 1994ರ ಕಾಯಿದೆಯಂತೆ ಪ್ರತಿ ಸ್ಕ್ಯಾನಿಂಗ್ ಕೇಂದ್ರದಲ್ಲೂ ಫಲಕ ಹಾಕಿರುತ್ತಾರೆ. ಅಗತ್ಯವಾದ ಕಾಯಿದೆ. ಆದರೆ ಅದನ್ನು ನೋಡಿದ ಅಜ್ಜಿಯೊಬ್ಬರು "ಬಸುರಿ ಹೆಣ್ಮಕ್ಕಳು ಹೋಗೂ ಜಾಗಕ್ಕ ಈ ವಯಸ್ಸಿನ್ಯಾಗ ನಾ ಹ್ಯಾಂಗ ಹೋಗ್ಲಿರಿ?" ಎಂದು ಬಾಗಿಲಿನಿಂದಲೇ ಮರಳಿದ್ದರು. ಸೊಸೆಯಂದಿರು ಜೊತೆಗೆ ಹೋಗಿ ಒಳಗೆ ಕರೆದೊಯ್ಯಲಿ.

ಪರೀಕ್ಷೆಗೆ ಹೋಗುವಾಗ ಹಳೆಯ ರಿಪೋರ್ಟುಗಳನ್ನೆಲ್ಲ ಒಯ್ಯಬೇಕು. ಕೈಗೆ ಗಾಯವಾಗಿದ್ದರೆ, ಲಸಿಕೆ ಹಾಕಿಸಿಕೊಂಡಿದ್ದರೆ ಮೊದಲೇ ಹೇಳಬೇಕು. ಸ್ತನದ ಜೊತೆಗೆ ಕಂಕುಳನ್ನೂ ನೋಡಿದ್ದಾರೆಯೇ, ರಿಪೋರ್ಟಿನಲ್ಲಿ ಬರೆದಿದ್ದಾರೆಯೇ ಎಂದು ಕೇಳುವುದರಲ್ಲಿ ಅವಿಧೇಯತೆ ಏನೂ ಇಲ್ಲ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಮಿರಜ, ಬೆಳಗಾವಿಗಳಿಗೆ ನಮ್ಮವರು ಹೋಗುತ್ತಾರೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಪಡಿತರ ಚೀಟಿ, ಆಧಾರ್ ಕಾರ್ಡು ಹಿಡಿದು ಮೊದಲು ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದುಕೊಳ್ಳುವುದು ಒಳಿತು.

ರಬಕವಿಯ ಆ ತಾಯಿಯ ಕಂಕುಳಿನಲ್ಲಿ ಒಂದು ಗ್ರಂಥಿಯ ತೊಗಟೆ 4 ಮಿಲಿಮೀಟರ್ ಇತ್ತು. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಕೋಶ ಕಾಣಲಿಲ್ಲ. ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಗಿದ್ದುದು ವಿಚಾರಿಸಿದಾಗ ತಿಳಿಯಿತು. ಕಾವಲು ಗ್ರಂಥಿಯನ್ನು ಮಾತ್ರ ತೆಗೆದು ನೋಡುವುದೆಂದು ಶಸ್ತ್ರವೈದ್ಯರು ನಿರ್ಧರಿಸಿದ್ದಾರೆ. ಎಷ್ಟು ದಿನಕ್ಕೆ ಮತ್ತೆ ಕಂಡಿಕೆ ಸುತ್ತಬಹುದು ಎಂದು ಆ ತಾಯಿ ಫೋನಿನಲ್ಲಿ ಕೇಳಿದರು. ಹೊಲಿಗೆ ಬಿಚ್ಚಿದ ಮೇಲೆ ಶಸ್ತ್ರವೈದ್ಯರನ್ನೇ ಕೇಳಿ ನಿಧಾನವಾಗಿ ಆರಂಭಿಸಿರೆಂದು ಹೇಳಿದ್ದೇವೆ.