ಇಂದಿನ ಧಮ್ಮ ಚಿಂತನೆ: ಫಾರ್ವರ್ಡ್ ಮಾಡಿದ ಮಾತೂ ನಮ್ಮದೇ ಮಾತು



ಹಿಂದೊಮ್ಮೆ ಸಹೋದ್ಯೋಗಿಯೊಬ್ಬರು ಬಿಸಿಯೂಟದ ಅಕ್ಕಿ ಮಾರಿಕೊಂಡರು ಎಂಬ ಸಂದೇಶ ನನ್ನ ಮೊಬೈಲಿಗೆ ಬಂತು. ವಿಚಾರಿಸದೆ ನಾಲ್ಕು ಗ್ರೂಪಿಗೆ ಕಳಿಸಿದೆ. ಅದು ಸುಳ್ಳೆಂದು ತಿಳಿಯುವಷ್ಟರಲ್ಲಿ ಅವರ ಮಗಳನ್ನು ಮಕ್ಕಳು 'ಅಕ್ಕಿ ಕಳ್ಳನ ಮಗಳು' ಎಂದು ಆಡಿಕೊಂಡಿದ್ದರು. ಡಿಲೀಟ್ ಮಾಡಿದೆ, ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಡಿದ ಮಾತು ಮಾತ್ರ ವಾಪಸ್ ಬರಲಿಲ್ಲ.

'ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ' ಎಂದರೆ ಸಾಲದು. ಹೆಸರು ಕೆಡುತ್ತದೆಂದು ಗೊತ್ತಿದ್ದೂ ಆರೋಪ ಮಾಡಿದವರನ್ನೂ ಅದನ್ನು ಪ್ರಕಟಿಸಿದವರನ್ನೂ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. 2 ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ ಇದಕ್ಕೆ ಶಿಕ್ಷೆ.

ಹಾಗೆಂದು ಅನ್ಯಾಯ ಕಂಡೂ ಬಾಯಿ ಮುಚ್ಚಿಕೊಳ್ಳಬೇಕೆ? ಬೇಡ. ಸತ್ಯವೂ ಆಗಿದ್ದು, ಸಾರ್ವಜನಿಕ ಹಿತಕ್ಕೆ ಅಗತ್ಯವೂ ಆದ ಮಾತು ಮಾನಹಾನಿಯಲ್ಲ ಎಂದು ಅದೇ ಕಲಂ ಹೇಳುತ್ತದೆ. ಭಗವಾನ್ ಬುದ್ಧರು ಅಭಯ ರಾಜಕುಮಾರನಿಗೆ ಹೇಳಿದ್ದೂ ಇದನ್ನೇ: ಮಾತು ನಿಜವಿರಬೇಕು, ಹಿತವಿರಬೇಕು, ಕಾಲವರಿತು ಆಡಬೇಕು, ಕೇಳುವವರಿಗೆ ಕಹಿಯಾದರೂ ಸರಿ.

1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಒಂದು. ಫಾರ್ವರ್ಡ್ ಒತ್ತುವ ಬೆರಳಿಗೂ ಅದು ಅನ್ವಯಿಸುತ್ತದೆ.

ಭವತು ಸಬ್ಬ ಮಂಗಲಂ. ಜೈ ಭೀಮ್.